ಮಂಗಳೂರಿನ ಸೈಟಿನ ಬಗ್ಗೆ ಕೇಳಿದ್ದಕ್ಕೆ

ಆಗುಂಬೆಯ ಸುಮಾರು ಅರ್ಧದಷ್ಟು ಮಳೆ ಬೀಳುವ ಮಂಗಳೂರು ಯಾಕೆ ಮುಳುಗುತ್ತದೆ, ಮಗನಿಗೆ ಅಲ್ಲಿ ಸೈಟು ತಗೊಳ್ಳಬಹುದಾ ಅಂತ ಕೇಳಿದ್ದೀರಿ. ಮಾರಾಯ್ರೆ, ಬಿದ್ದ ನೀರಿಗೆ ಹೋಗಲು ದಾರಿ ಬೇಕಲ್ವಾ? ಘಟ್ಟದ ಮೇಲೆ ಇಳಿಜಾರು, ಹಳ್ಳ ಹಿಡಿದು ಹೋಗಿಬಿಡುತ್ತದೆ. ಮಂಗಳೂರಿನಲ್ಲಿ ಗುಡ್ಡ, ಅದರ ಕೆಳಗೆ ಬೈಲುಗದ್ದೆ, ನಡುವೆ ತೋಡು, ಅಂದ್ರೆ ಸಣ್ಣ ಹಳ್ಳ. ಗದ್ದೆಗಳು ಮಳೆನೀರು ಹಿಡಿದಿಟ್ಟು ನಿಧಾನವಾಗಿ ಬಿಡುತ್ತಿದ್ದವು. ಈಗ ಗುಡ್ಡ ಅಗೆದ ಕೆಂಪು ಮಣ್ಣನ್ನೇ ಗದ್ದೆಗೆ ತುಂಬಿ ಅಪಾರ್ಟ್‌ಮೆಂಟ್ ಎಬ್ಬಿಸುತ್ತಾರೆ, ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕುತ್ತಾರೆ, ತೋಡನ್ನು ಕಿರಿದು ಮಾಡಿ ಮೇಲೆ ಸ್ಲ್ಯಾಬ್ ಮುಚ್ಚುತ್ತಾರೆ. ಸಾಲದ್ದಕ್ಕೆ ಉಬ್ಬರ ಬೇರೆ. ಜೋರು ಮಳೆಯ ಹೊತ್ತಿಗೇ ಸಮುದ್ರ ಏರಿದ್ದರೆ ನೇತ್ರಾವತಿ, ಫಲ್ಗುಣಿ ನದಿಗಳ ನೀರು ಸಮುದ್ರ ಸೇರುವ ಅಳಿವೆಯಲ್ಲಿ ಬೇಗ ಹೊರಬೀಳುವುದಿಲ್ಲ, ತೋಡಿನ ನೀರು ಹಿಂದಕ್ಕೆ ಒತ್ತಿ ರಸ್ತೆಗೆ ಬರುತ್ತದೆ. ಮುಂಬೈಯ ಸಾಂತಾಕ್ರೂಜ್‌ನಲ್ಲಿ 2005ರ ಜುಲೈ 26ಕ್ಕೆ 944 ಮಿ.ಮೀ. ಸುರಿದಾಗಲೂ ಒತ್ತುವರಿಯಾದ ಮಿಠಿ ನದಿ ಮತ್ತು ಉಬ್ಬರ ಎರಡೂ ಸೇರಿಕೊಂಡಿದ್ದವು.

(ನಾವು ಶಿವಮೊಗ್ಗದವರು ಜಾಸ್ತಿ ಮಾತಾಡುವ ಹಾಗಿಲ್ಲ, 2019ರ ಆಗಸ್ಟ್‌ನಲ್ಲಿ ನಮ್ಮ ಬಡಾವಣೆಗಳಿಗೂ ನೀರು ನುಗ್ಗಿತ್ತು.)

ಸೈಟಿನ ಹಳೇ ಪಹಣಿ ತೆಗೆಸಿ. ತರಿ ಅಂತ ಇದ್ದರೆ ಅದು ಗದ್ದೆ ಜಾಗ, ಬ್ರೋಕರ್ ಏನೇ ಹೇಳಲಿ. ಗ್ರಾಮ ನಕ್ಷೆಯಲ್ಲಿ ತೋಡು ಎಲ್ಲಿ ಹಾದಿದೆ ನೋಡಿ, ಆಮೇಲೆ ಅದು ಈಗಲೂ ಅಲ್ಲೇ ಇದೆಯಾ ಅಂತ ಕಾಲಲ್ಲೇ ನಡೆದು ನೋಡಿ. ಪಕ್ಕದ ಮನೆಗಳ ಕಾಂಪೌಂಡಿನಲ್ಲಿ ಕೆಸರಿನ ಗೆರೆ ಇದೆಯಾ, ಮೀಟರ್ ಬೋರ್ಡನ್ನು ಸುಮ್ನೆ ಅಷ್ಟು ಎತ್ತರಕ್ಕೆ ಏರಿಸಿದ್ದಾರಾ, ಗಮನಿಸಿ. ಹೋಗುವುದಾದರೆ ಜುಲೈಯಲ್ಲೇ ಹೋಗಿ. ಬೇಸಿಗೆಯಲ್ಲಿ ಎಲ್ಲ ಸೈಟೂ ಚೆನ್ನಾಗೇ ಕಾಣುತ್ತವೆ.