ಒಂದೇ ಬ್ಯಾನಿ ಅಂದುಕೊಂಡಿದ್ದೆವು

ಆ ಅಕ್ಕನಿಗೆ 48 ವರ್ಷ. ಆಳಂದ ಕಡೆಯ ಹಳ್ಳಿಯವರು, ಮದುವೆಯಾಗಿ ಕಲಬುರಗಿಗೆ ಬಂದವರು. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾರೆ. ದಿನಕ್ಕೆ 150 ರೊಟ್ಟಿ. ಎಳ್ಳಮಾವಾಸ್ಯೆ ಹತ್ತಿರ ಬಂತೆಂದರೆ ಸಜ್ಜೆ ರೊಟ್ಟಿಯೂ ಸೇರಿ 300 ದಾಟುತ್ತದೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಕಳೆದ ವರ್ಷ ಎಳ್ಳಮಾವಾಸ್ಯೆ ಮುಗಿದ ಮೇಲೆ ಆಪ್ತಸಲಹೆಗೆಂದು ನನ್ನ ಹತ್ತಿರ ಬಂದರು. ಕೈಯಲ್ಲಿ ಡಾಕ್ಟರ ಒಂದು ಚೀಟಿ ಇತ್ತು: ಎಕ್ಸ್‌ರೇಯಲ್ಲಿ ವಿಶೇಷವೇನಿಲ್ಲ, ಚಿಂತೆ ಜಾಸ್ತಿ, ಆಪ್ತಸಲಹೆ ಕೊಡಿ.

"ಏನ್ ಹೇಳ್ಲಿ ಮೇಡಂ, ಮೈಯೆಲ್ಲಾ ಬ್ಯಾನಿ ಅದ. ಮಗ ನಾಟಕ ಮಾಡ್ತೀ ಅಂತಾನ."

ಮೊದಲ ಭೇಟಿಯಲ್ಲಿ ನಾನು ಚೀಟಿಯನ್ನೇ ನಂಬಿದೆ. ಗಂಡ ತೀರಿಕೊಂಡು ಎರಡು ವರ್ಷ, ಸಂಘದ ಸಾಲ ಬಾಕಿ, ನಿದ್ದೆ ಇಲ್ಲ. ಇಷ್ಟು ಸಿಕ್ಕಮೇಲೆ ಕೇಳಬೇಕಾ? ಒಂದು ಗಂಟೆ ದುಃಖದ ಬಗ್ಗೆಯೇ ಮಾತಾಡಿದೆವು. ಅವರು ಅತ್ತರು, ಹಗುರಾಯಿತು ಅಂದರು. ನನಗೂ ಸಮಾಧಾನವಾಯಿತು. ಅದೇ ತಪ್ಪು.

ಎರಡನೇ ಸಲ ಮಾತಾಡುತ್ತಾ ಬಲಗೈಯನ್ನು ಪದೇ ಪದೇ ಝಾಡಿಸುತ್ತಿದ್ದರು, ನೀರು ಕೊಡವಿದ ಹಾಗೆ. ಯಾಕಕ್ಕಾ ಅಂತ ಕೇಳಿದೆ. "ರಾತ್ರಿ ಹಿಂಗೇ ಎಚ್ಚರ ಆಗ್ತದ್ರಿ. ಝಾಡಿಸಿದ್ರ ಆರಾಮ." ಯಾವ ಬೆರಳು? ಹೆಬ್ಬೆರಳು, ತೋರುಬೆರಳು, ನಡುಬೆರಳು. ಕಿರುಬೆರಳಿಗೆ ಏನೂ ಇಲ್ಲ.

ಚಿಂತೆಗೆ ಬೆರಳು ಆರಿಸಿಕೊಳ್ಳುವ ಬುದ್ಧಿ ಇರುವುದಿಲ್ಲ. ಕಾಗದದ ಮೇಲೆ ಮನುಷ್ಯನ ಆಕಾರ ಬರೆದು ಮುಂದಿಟ್ಟೆ. "ಬ್ಯಾನಿ ಅನ್ನೋ ಮಾತು ಬಿಟ್ಟು ಹೇಳ್ರಿ. ಎಲ್ಲಿ, ಹೆಂಗ, ಯಾವಾಗ?" ಆಗ ಒಂದೊಂದೇ ಹೊರಬಂತು. ಬೆರಳಲ್ಲಿ ಜುಮುಜುಮು, ಉರಿ, ರಾತ್ರಿ ಜಾಸ್ತಿ. ಮೊಣಕಾಲಲ್ಲಿ ಹಿಡಿತ, ನೆಲದಿಂದ ಏಳುವಾಗ, ಮೆಟ್ಟಿಲು ಇಳಿಯುವಾಗ. ಬೆಳಿಗ್ಗೆ ಹತ್ತು ನಿಮಿಷ ಓಡಾಡಿದರೆ ಸಡಿಲ. ಇವೆರಡೂ ಅಲ್ಲದೆ ಹೆಗಲು, ಬೆನ್ನು, ತೊಡೆ ಎಲ್ಲೆಂದರಲ್ಲಿ ನೋವು. ನಿದ್ದೆ ಕೆಟ್ಟ ಮರುದಿನ ಮೊಮ್ಮಗ ಬಂದು ಅಪ್ಪಿಕೊಂಡರೂ ನೋವು.

ರೋಗ ಹೆಸರಿಸುವುದು ನನ್ನ ಕೆಲಸವಲ್ಲ. ಆ ಕಾಗದವನ್ನೇ ಕೊಟ್ಟು ಮತ್ತೆ ಡಾಕ್ಟರ ಹತ್ತಿರ, ಅಲ್ಲಿಂದ ಫಿಸಿಯೋಥೆರಪಿಗೆ ಕಳಿಸಿದೆ. ರಕ್ತದಲ್ಲಿ ಸಕ್ಕರೆ ಜಾಸ್ತಿ ಬಂತು. ಅಕ್ಕನಿಗೆ ಅದು ಗೊತ್ತೇ ಇರಲಿಲ್ಲ. ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ನರ ಒತ್ತಿಕೊಂಡಿದೆ ಎಂದರು; ಡಾಕ್ಟರು ಇದನ್ನು ಕಾರ್ಪಲ್ ಟನಲ್ ಅನ್ನುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ, ಥೈರಾಯ್ಡ್ ತೊಂದರೆ ಇದ್ದವರಲ್ಲಿ ಇದು ಹೆಚ್ಚು. ಹಿಟ್ಟು ನಾದಿ ನಾದಿ ರೊಟ್ಟಿ ಬಡಿಯುವ ಕೈಗೆ ಬೇರೆ ನೆಪವೂ ಬೇಕಿಲ್ಲ. ಮೊಣಕಾಲಿನದು ಕೀಲು ಸವೆತದ ನೋವು.

ಉಳಿದ ಮೂರನೆಯದನ್ನು ವಿವರಿಸುವುದೇ ಕಷ್ಟ. ಗಾಯವಿಲ್ಲ, ನರಕ್ಕೆ ಪೆಟ್ಟಿಲ್ಲ, ಆದರೆ ನೋವಿನ ಸುದ್ದಿ ಸಾಗಿಸುವ ವ್ಯವಸ್ಥೆಯೇ ಅತಿ ಚುರುಕಾಗಿಬಿಟ್ಟಿರುತ್ತದೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2017ರಲ್ಲಿ ಇದಕ್ಕೆ ನೋಸಿಪ್ಲಾಸ್ಟಿಕ್ ಎಂಬ ಹೆಸರು ಒಪ್ಪಿತು. ನಾನು ತಡವರಿಸುತ್ತಿದ್ದಾಗ ಅಕ್ಕನೇ ಹೇಳಿದರು: "ನಮ್ಮ ಓಣಿ ನಾಯಿ ಇದ್ದಂಗ ಅಲ್ರಿ? ಒಮ್ಮೆ ಕಳ್ಳ ಬಂದಿದ್ದ. ಈಗ ಎಲಿ ಅಲುಗಿದ್ರೂ ಬೊಗಳ್ತದ." ಅಂದಿನಿಂದ ಬೇರೆಯವರಿಗೂ ಆ ನಾಯಿಯ ಕತೆಯನ್ನೇ ಹೇಳುತ್ತಿದ್ದೇನೆ.

ನೋವು ಬೇರೆಬೇರೆ ಅಂದಮೇಲೆ ಉಪಾಯವೂ ಬೇರೆ. ಅವರು ಮೆಡಿಕಲ್ ಅಂಗಡಿಯಿಂದ ತಂದು ನುಂಗುತ್ತಿದ್ದ ನೋವಿನ ಗುಳಿಗೆ ನರದ ನೋವಿಗೆ ಅಷ್ಟಾಗಿ ನಾಟುವುದಿಲ್ಲ. ದಿನಾ ನುಂಗಿದರೆ ಹೊಟ್ಟೆಗೆ, ಕಿಡ್ನಿಗೆ ಕೆಟ್ಟದ್ದು. ಸಕ್ಕರೆ ಇದ್ದವರಿಗಂತೂ ಇನ್ನೂ ಅಪಾಯ. ಡಾಕ್ಟರನ್ನು ಕೇಳದೆ ತಗೋಬೇಡಿ ಅಂದೆ.

ಫಿಸಿಯೋ ಅಂದರೆ ಕರೆಂಟ್ ಇಡುವುದು ಅಂತಲೇ ಅಕ್ಕ ತಿಳಿದಿದ್ದರು. ಹೆಚ್ಚಿನವರು ಹಾಗೇ ತಿಳಿದಿರುತ್ತಾರೆ. ಕರೆಂಟ್, ಶಾಖ ಸ್ವಲ್ಪ ಹೊತ್ತು ಹಿತ ಕೊಡಬಹುದು. ಆದರೆ ಕೆಲಸ ಮಾಡುವುದು ವ್ಯಾಯಾಮ. ಕೈಗೆ ರಾತ್ರಿ ಮಣಿಕಟ್ಟು ನೇರ ಇಡುವ ಪಟ್ಟಿ ಕೊಟ್ಟರು, ಏಕೆಂದರೆ ನಿದ್ದೆಯಲ್ಲಿ ಕೈ ಮಡಚಿದರೆ ನರಕ್ಕೆ ಒತ್ತಡ ಹೆಚ್ಚುತ್ತದೆ. ಮೊಣಕಾಲಿಗೆ ತೊಡೆ ಗಟ್ಟಿ ಮಾಡುವ ವ್ಯಾಯಾಮ: ಕುರ್ಚಿಯಲ್ಲಿ ಕೂತು ಕಾಲು ನೇರ ಮಾಡಿ ಐದು ಎಣಿಸುವುದು, ಕೈ ಊರದೆ ಕುರ್ಚಿಯಿಂದ ಏಳುವುದು. ಮಾಡುವಾಗ ತುಸು ನೋವಾದರೆ ಹೆದರಬೇಕಿಲ್ಲ. ಮರುದಿನ ಬೆಳಿಗ್ಗೆಯೂ ನೋವು ಜಾಸ್ತಿಯೇ ಇದ್ದರೆ ಎಣಿಕೆ ಕಡಿಮೆ ಮಾಡಬೇಕು.

ಮೂರನೆಯದಕ್ಕೆ ಫಿಸಿಯೋ ಮತ್ತು ನಾನು ಸೇರಿ ಕೆಲಸ ಮಾಡಿದೆವು. ಅಕ್ಕನ ಅಭ್ಯಾಸ ಏನೆಂದರೆ, ಆರಾಮ ಅನ್ನಿಸಿದ ದಿನ ಎರಡು ದಿನದ ರೊಟ್ಟಿ ಬಡಿಯುವುದು, ಮರುದಿನ ಹಾಸಿಗೆ ಹಿಡಿಯುವುದು. ಅದನ್ನು ಮುರಿಯಬೇಕಿತ್ತು. ನೋವು ಇರಲಿ ಬಿಡಲಿ, 20 ರೊಟ್ಟಿ ಆದಮೇಲೆ ಎದ್ದು ಐದು ನಿಮಿಷ ಓಡಾಡುವುದು. ಸಂಜೆ ಹತ್ತು ನಿಮಿಷ ನಡಿಗೆ, ವಾರಕ್ಕೆ ಎರಡು ನಿಮಿಷ ಹೆಚ್ಚಿಸುತ್ತಾ. ಒಲೆಯನ್ನು ಕಟ್ಟೆ ಮೇಲೇರಿಸಿ ನಿಂತು ಬಡಿಯುವುದು. ಇದಕ್ಕೆ ಮಾತ್ರ ಜಗಳವಾಯಿತು: "ನಿಂತು ಬಡಿದ್ರ ರೊಟ್ಟಿ ಅಲ್ರಿ ಅದು!" ಗಂಡನ ದುಃಖದ ಮಾತೂ ನಿಲ್ಲಲಿಲ್ಲ, ಈಗ ಅದು ನೋವಿನ ಬದಲಿಗಲ್ಲ, ನೋವಿನ ಜೊತೆಗೆ. ನಡುರಾತ್ರಿ ದುಃಖ ಉಮ್ಮಳಿಸಿ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಅಂದೆ. ಅದು ಉಚಿತ.

ಮಗ, ಸೊಸೆಯನ್ನೂ ಒಮ್ಮೆ ಕರೆಸಿದೆ. ನೋವಿನ ಅಧ್ಯಯನದ ಅದೇ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆ ತಿದ್ದಿದಾಗ, ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತಿಗೆ ಗೌರವ ಕೊಡಬೇಕು ಎಂದೂ ಸೇರಿಸಿದೆ. ಮಗನಿಗೆ ಇದನ್ನು ಹೇಳಿದೆ. ಸುಮ್ಮನೆ ಕೂತಿದ್ದ. ಸೊಸೆಯದು ಬೇರೆ ತೊಂದರೆ: ಪ್ರೀತಿಯಿಂದಲೇ ಅತ್ತೆಗೆ ಕೆಲಸ ಬಿಡಿಸಿ ಮಲಗಿಸುತ್ತಿದ್ದಳು, ಗಂಟೆಗೊಮ್ಮೆ "ಬ್ಯಾನಿ ಹೆಂಗದ" ಅಂತ ಕೇಳುತ್ತಿದ್ದಳು. ಅದರ ಬದಲು "ಇವತ್ತು ಎಷ್ಟು ನಡದ್ರಿ" ಅಂತ ಕೇಳಮ್ಮ ಅಂದೆ.

ಮೂವರಿಗೂ ಖಡಾಖಂಡಿತವಾಗಿ ಹೇಳಿದ್ದು ಇದು: ಕಾಲಲ್ಲಿ ಶಕ್ತಿ ಹೋದರೆ, ಮೂತ್ರ-ಮಲ ಹಿಡಿತ ತಪ್ಪಿದರೆ, ಕೂರುವ ಜಾಗ ಜೋಮು ಹಿಡಿದರೆ, ನೋವಿನ ಜೊತೆ ಜ್ವರ ಬಂದರೆ ಅಥವಾ ತೂಕ ಇಳಿದರೆ ವ್ಯಾಯಾಮ ಮಾಡುತ್ತಾ ಕೂರಬೇಡಿ, ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಎದೆನೋವು ಕೈಗೆ ಇಳಿದರೆ 108. ಹೆಬ್ಬೆರಳ ಬುಡದ ಮಾಂಸ ಸೊರಗಿದರೆ ಆಪರೇಷನ್ ಬೇಕಾ ಅಂತ ಕೇಳಬೇಕು.

ಮೂರು ತಿಂಗಳಲ್ಲಿ ರಾತ್ರಿ ಎಚ್ಚರವಾಗುವುದು ಬಹಳ ಕಡಿಮೆಯಾಯಿತು. ಮೆಟ್ಟಿಲು ಇಳಿಯುವಾಗ ಮೊಣಕಾಲು ಈಗಲೂ ನೋಯುತ್ತದೆ. ಮೈನೋವು ಬರುತ್ತದೆ, ಹೋಗುತ್ತದೆ. ಈ ಸಲ ಎಳ್ಳಮಾವಾಸ್ಯೆಗೆ ಆರ್ಡರನ್ನು 200ಕ್ಕೇ ನಿಲ್ಲಿಸಿ ಉಳಿದದ್ದನ್ನು ಪಕ್ಕದ ಮನೆಯವರಿಗೆ ಬಿಟ್ಟುಕೊಟ್ಟರು. ಒಳ್ಳೇದಾಯ್ತಲ್ಲಕ್ಕಾ ಅಂದರೆ ಮುಖ ಸಣ್ಣಗೆ ಮಾಡಿದರು.

"ಆಕಿ ರೊಟ್ಟಿ ದಪ್ಪ ಆಗ್ತದ್ರಿ ಮೇಡಂ."