ಮೂಡಿಗೆರೆ ಕಡೆ ಚಳಿಗೆ ಪೈಪಿನ ನೀರು ಹೆಪ್ಪುಗಟ್ಟುತ್ತಾ?

ಡಿಸೆಂಬರ್ ಬಂದರೆ ಗುಡ್ಡದ ಒರತೆಯಿಂದ ಮನೆಗೆ ಬರುವ ನೀರು ಬೆಳಗಿನ ಹೊತ್ತು ನಿಂತುಹೋಗುತ್ತದೆ, ಪೈಪಿಗೆ ಏನು ಸುತ್ತಲಿ ಎಂದು ಕೇಳಿದ್ದೀರಿ. ಏನೂ ಸುತ್ತಬೇಡಿ. ನೀರು ಹೆಪ್ಪುಗಟ್ಟಬೇಕಾದರೆ ಸೊನ್ನೆ ಡಿಗ್ರಿಗೆ ಇಳಿಯಬೇಕು. ಲೇಹ್‌ನವರಿಗೆ ಆ ಕಷ್ಟ ಇದೆ, ನಮ್ಮ ತೋಟಗಳಿಗಿಲ್ಲ. ನಿಮ್ಮ ಪೈಪಿಗೆ ಗಾಳಿ ಹಿಡಿದಿದೆ.

ನಾನೂ ಚಳಿಯನ್ನೇ ಬೈಯುತ್ತಾ ಹಂಡೆಯಿಂದ ಕುದಿನೀರು ತಂದು ಸುರಿದವನೇ. ಪಿವಿಸಿ ಎಲ್ಬೋ ಮೆತ್ತಗಾಗಿ ಜಾಯಿಂಟ್ ಬಿಟ್ಟುಕೊಂಡಿತು. ಅದು ಹೋಗಲಿ, ನಿಜವಾದ ತಪ್ಪು ನಡೆದಿದ್ದು ಗುಡ್ಡದ ಮೇಲೆ ಒರತೆ ನೀರು ತುಂಬುವ ತೊಟ್ಟಿಯಲ್ಲಿ. ಒರತೆ ಸಣ್ಣಗಾಯಿತು, ನೀರು ಉಳಿಯಲಿ ಎಂದು ತೊಟ್ಟಿ ಬುಡದ ಗೇಟ್‌ವಾಲ್ವ್ ಅರ್ಧ ಮುಚ್ಚಿದ್ದೆ. ಮೇಲೆ ಬಿಗಿ ಮಾಡಿದರೆ ಒಳಗೆ ಬರುವ ನೀರು ಕಮ್ಮಿ, ಕೆಳಗೆ ಹೋಗುವ ದಾರಿ ಮಾತ್ರ ಪೂರ್ತಿ ತೆರೆದಿರುತ್ತದೆ. ಪೈಪ್ ಅರ್ಧಂಬರ್ಧ ತುಂಬಿ ಹರಿಯುತ್ತದೆ, ಉಳಿದ ಜಾಗದಲ್ಲಿ ಗಾಳಿ. ಪೈಪ್ ದಿಣ್ಣೆ ಹತ್ತಿ ಇಳಿಯುವ ಕಡೆಯೆಲ್ಲ ಅದು ಸೇರಿಕೊಳ್ಳುತ್ತದೆ. ನನ್ನದು 32 ಎಂಎಂ ಕಪ್ಪು ಪೈಪು, ತೊಟ್ಟಿಯಿಂದ ಮನೆ ಟ್ಯಾಂಕಿಗೆ 14 ಮೀಟರ್ ಇಳಿತ, ನಡುವೆ ಮೂರು ದಿಣ್ಣೆ. ಪ್ರತಿ ದಿಣ್ಣೆಯ ಆಚೆ ಇಳುಕಲಿನಲ್ಲಿ 5 ಮೀಟರ್ ಎತ್ತರದಷ್ಟು ಗಾಳಿ ಕೂತರೆ ಅಷ್ಟು ಇಳಿತದ ಬಲ ಹೋದಂತೆ, ಮೂರೂ ಸೇರಿ 15 ಮೀಟರ್. ನೀರನ್ನು ತಳ್ಳಲು ಇರುವುದೇ 14! ಮೇಲೆ ತೊಟ್ಟಿ ತುಂಬಿ ಚೆಲ್ಲುತ್ತಿತ್ತು, ಕೆಳಗೆ ನಲ್ಲಿ ಬುಸ್ ಅನ್ನುತ್ತಿತ್ತು.

ಹಾಗಾಗಿ ಮೇಲಿನ ವಾಲ್ವ್ ಪೂರ್ತಿ ಬಿಡಿ, ಬಿಗಿ ಮಾಡುವುದಿದ್ದರೆ ಕೆಳಗೆ ಮನೆ ಟ್ಯಾಂಕಿಗೆ ನೀರು ಬೀಳುವ ಬಾಯಲ್ಲಿ ಮಾಡಿ. ಆಗ ಪೈಪ್ ಸದಾ ತುಂಬಿರುತ್ತದೆ. ಒತ್ತಡ ಮಾತ್ರ ಹೆಚ್ಚುತ್ತದೆ, 10 ಮೀಟರ್ ಇಳಿತಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಲೆಕ್ಕ. ಹಳ್ಳದ ತಳದಲ್ಲಿ ಹಾದುಹೋಗುವ ಕಡೆ ಆ ಒತ್ತಡ ತಡೆಯುವ ಕ್ಲಾಸಿನ ಪೈಪ್ ಇರಲಿ.

ಪ್ರತಿ ದಿಣ್ಣೆಯ ನೆತ್ತಿಯಲ್ಲಿ ಸ್ಯಾಡಲ್ ಕ್ಲಾಂಪ್ (ಪೈಪನ್ನು ಅಪ್ಪಿ ಹಿಡಿದು ಕವಲು ಕೊಡುವ ಪಟ್ಟಿ) ಕೂರಿಸಿ ಅರ್ಧ ಇಂಚಿನ ಬಾಲ್ ವಾಲ್ವ್ ಹಾಕಿ. ಗಾಳಿ ತೆಗೆಯುವಾಗ ಕೆಳಗಿನ ವಾಲ್ವ್ ಮುಚ್ಚಿ, ತೊಟ್ಟಿಗೆ ಹತ್ತಿರದ್ದನ್ನು ಮೊದಲು ತೆರೆಯಿರಿ. ಉಗುಳುವುದು ನಿಂತು ಒಂದೇ ಧಾರೆ ಬಂದ ಮೇಲೆ ಮುಚ್ಚಿ ಮುಂದಿನದಕ್ಕೆ ಹೋಗಿ. ಕೊನೆಯಲ್ಲಿ ಕೆಳಗಿನದನ್ನು ನಿಧಾನ ಬಿಡಿ. ದಿಣ್ಣೆ ತೊಟ್ಟಿಯ ನೀರಿನ ಮಟ್ಟಕ್ಕಿಂತ ಎತ್ತರವಿದ್ದರೆ ಅಲ್ಲಿ ವಾಲ್ವ್ ತೆರೆದ ಕೂಡಲೇ ಗಾಳಿ ಒಳಕ್ಕೆ ಎಳೆಯುತ್ತದೆ. ಅಂಥ ಕಡೆ ಪೈಪನ್ನು ಸುತ್ತು ಹಾಕಿ ತಗ್ಗಿನಲ್ಲಿ ತರುವುದೇ ದಾರಿ. ಇವತ್ತೇ ನೀರು ಬೇಕೆಂದರೆ ಮನೆ ಕಡೆಯಿಂದ ಮೋಟರ್ ಹಚ್ಚಿ, ತೊಟ್ಟಿಯಲ್ಲಿ ಗುಳ್ಳೆ ನಿಲ್ಲುವವರೆಗೆ ಹಿಂದಕ್ಕೆ ತಳ್ಳಿ.

ತೊಟ್ಟಿಯಲ್ಲಿ ಪೈಪಿನ ಬಾಯಿ ನೀರಿನಿಂದ ಒಂದು ಗೇಣು ಕೆಳಗಿರಬೇಕು. ಸಿಲ್ವರ್ ಓಕ್ ಮರದ ಎಲೆ ಕೂರದಂತೆ ಜಾಲರಿ ಕಟ್ಟಿ. ಕುಯ್ಲಿನ ಕಾಲದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗೆ ನೀರು ಬಿಟ್ಟ ಮರುದಿನವೇ ನಿಮ್ಮಲ್ಲಿ ನೀರು ನಿಲ್ಲುತ್ತದಾ, ನೋಡಿ. ತೊಟ್ಟಿ ಬರಿದಾಗಿ ಪೈಪ್ ಗಾಳಿ ಕುಡಿದಿರುತ್ತದೆ. ಗೋಣಿಚೀಲ ಸುತ್ತಿಟ್ಟಿದ್ದರೆ ಬಿಚ್ಚಿ ಬಿಸಾಕಿ, ಇಲಿ ಗೂಡು ಕಟ್ಟಿಕೊಂಡು ಪೈಪನ್ನೇ ಕಡಿಯುತ್ತದೆ.