ಟಿಎಸ್‌ಎಚ್ 7.4 ಬಂದರೆ ಮಾತ್ರೆ ಶುರು ಮಾಡಲೇಬೇಕೇ?

ಪ್ರಶ್ನೆ: ನನಗೆ 38 ವರ್ಷ, ಮೂಡಿಗೆರೆ ಕಡೆಯವಳು. ಸುಸ್ತು, ಕೂದಲು ಉದುರುವುದು ಜಾಸ್ತಿಯಾಗಿದೆಯೆಂದು ರಕ್ತ ಪರೀಕ್ಷೆ ಮಾಡಿಸಿದೆ. ಟಿಎಸ್‌ಎಚ್ 7.4, ಫ್ರೀ ಟಿ4 ನಾರ್ಮಲ್. 50 ಮೈಕ್ರೋಗ್ರಾಂ ಥೈರಾಯ್ಡ್ ಮಾತ್ರೆ ಬರೆದುಕೊಟ್ಟಿದ್ದಾರೆ. ಒಮ್ಮೆ ಶುರು ಮಾಡಿದರೆ ಸಾಯೋವರೆಗೂ ಬಿಡುವಂತಿಲ್ಲ ಅಂತಾರೆ ನಮ್ಮ ಅತ್ತಿಗೆ. ನುಂಗಲೋ, ಕಾಯಲೋ?

ಉತ್ತರ: ಒಂದೇ ವರದಿ ನೋಡಿ ತೀರ್ಮಾನಿಸಬೇಡಿ. ಫ್ರೀ ಟಿ4 ಎಂದರೆ ಕತ್ತಿನ ಥೈರಾಯ್ಡ್ ಗ್ರಂಥಿ ಮಾಡುವ ಹಾರ್ಮೋನು; ಟಿಎಸ್‌ಎಚ್ ಆ ಗ್ರಂಥಿಗೆ ಕೆಲಸ ಮಾಡೆಂದು ಮೆದುಳಿನ ಬುಡದಿಂದ ಬರುವ ಸಂದೇಶ, ಗ್ರಂಥಿ ಸೋತಾಗ ಅದು ಏರುತ್ತದೆ. ಜ್ವರ ಬಂದು ಹೋದ ಮೇಲೆ, ದೊಡ್ಡ ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ ಟಿಎಸ್‌ಎಚ್ ಕೆಲವು ವಾರ ಏರಿ ತಾನಾಗಿಯೇ ಇಳಿಯುವುದುಂಟು. ಎರಡು ಮೂರು ತಿಂಗಳು ಬಿಟ್ಟು, ಆದಷ್ಟು ಅದೇ ಲ್ಯಾಬಿನಲ್ಲಿ, ಬೆಳಗಿನ ಅದೇ ಹೊತ್ತಿಗೆ ಮತ್ತೆ ಮಾಡಿಸಿ. ಮಧ್ಯಾಹ್ನ ಈ ಅಂಕಿ ಸ್ವಲ್ಪ ಕೆಳಗಿರುತ್ತದೆ, ಹಾಗಾಗಿ ಬೆಳಗಿನದನ್ನು ಮಧ್ಯಾಹ್ನದ್ದರ ಜೊತೆ ಹೋಲಿಸುವಂತಿಲ್ಲ. ಜೊತೆಗೆ ಆ್ಯಂಟಿ-ಟಿಪಿಒ (ದೇಹವೇ ತನ್ನ ಥೈರಾಯ್ಡ್ ಗ್ರಂಥಿಯ ಮೇಲೆ ದಾಳಿ ಮಾಡುತ್ತಿದೆಯೇ ಎಂದು ನೋಡುವ) ಪರೀಕ್ಷೆಯನ್ನೂ ಸೇರಿಸಿ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಎರಡು ದಿನ ಮೊದಲೇ ನಿಲ್ಲಿಸಿ. ಅದು ಹಲವು ಯಂತ್ರಗಳಲ್ಲಿ ಥೈರಾಯ್ಡ್ ಅಂಕಿಗಳನ್ನೇ ತಪ್ಪಾಗಿ ತೋರಿಸುತ್ತದೆ.

ಎರಡನೇ ಸಲ ಟಿಎಸ್‌ಎಚ್ 10ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಮಾತ್ರೆ ಬೇಕಾಗುತ್ತದೆ. ಫ್ರೀ ಟಿ4 ಕೆಳಗಿಳಿದಿದ್ದರಂತೂ ಯೋಚಿಸುವ ಪ್ರಶ್ನೆಯೇ ಇಲ್ಲ. ನಿಮ್ಮ ಹಾಗೆ 4.5ರಿಂದ 10ರ ನಡುವೆ ನಿಂತು ಫ್ರೀ ಟಿ4 ಸರಿಯಿದ್ದರೆ ಆರು ತಿಂಗಳಿಗೊಮ್ಮೆ ನೋಡುತ್ತಾ ಕಾಯುವುದೂ ಸರಿಯಾದ ವೈದ್ಯಕೀಯ ನಿರ್ಧಾರವೇ. ಆ್ಯಂಟಿ-ಟಿಪಿಒ ಪಾಸಿಟಿವ್ ಇದ್ದರೆ ಮುಂದೆ ಗ್ರಂಥಿ ಸೋಲುವ ಸಂಭವ ಹೆಚ್ಚು, ಆಗ ಕಾಯುವುದನ್ನು ಇನ್ನಷ್ಟು ಎಚ್ಚರದಿಂದ ಕಾಯಬೇಕು.

ಒಂದು ವಿಷಯ ಮಾತ್ರ ಇದನ್ನೆಲ್ಲ ಬದಲಾಯಿಸುತ್ತದೆ: ಗರ್ಭ ಧರಿಸುವ ಯೋಚನೆ. ಮೊದಲ ಮೂರು ತಿಂಗಳು ಮಗುವಿನ ಮೆದುಳು ಬೆಳೆಯುವುದು ತಾಯಿಯ ಹಾರ್ಮೋನಿನ ಆಸರೆಯಲ್ಲಿ. ಆ ಯೋಚನೆಯಿದ್ದರೆ ಕಾಯದೆ ಇವತ್ತೇ ವೈದ್ಯರಿಗೆ ಹೇಳಿ.

ಸುಸ್ತು, ಕೂದಲು ಉದುರುವುದಕ್ಕೆ ಥೈರಾಯ್ಡ್ ಒಂದೇ ಕಾರಣವಲ್ಲ. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12 ನೋಡಿಸಿ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರಲ್ಲಿ ಕಬ್ಬಿಣಾಂಶದ ಕೊರತೆಗೆ ಇವೇ ಲಕ್ಷಣಗಳು. ಅದನ್ನು ಬಿಟ್ಟು ಥೈರಾಯ್ಡ್ ಮಾತ್ರೆ ನುಂಗಿದರೆ ಸುಸ್ತು ಅಲ್ಲೇ ಇರುತ್ತದೆ.

ಇನ್ನು ಅತ್ತಿಗೆಯವರ ಮಾತು. ಮಾತ್ರೆಯಲ್ಲಿರುವುದು ನಿಮ್ಮ ಗ್ರಂಥಿ ಮಾಡುವ ಅದೇ ಟಿ4. ಅದು ಚಟ ಹಿಡಿಸುವುದಿಲ್ಲ, ಗ್ರಂಥಿಯನ್ನು ಹಾಳುಮಾಡುವುದಿಲ್ಲ. ನಿಮ್ಮಂಥ ಗಡಿಯಲ್ಲಿರುವವರು ಕೆಲವು ತಿಂಗಳು ನುಂಗಿ, ಲಕ್ಷಣಗಳಲ್ಲಿ ಏನೂ ಬದಲಾಗದಿದ್ದರೆ ವೈದ್ಯರನ್ನು ಕೇಳಿ ನಿಲ್ಲಿಸಿ, ಆರೆಂಟು ವಾರದ ಮೇಲೆ ಮತ್ತೆ ಪರೀಕ್ಷಿಸಬಹುದು. ಜೀವನಪೂರ್ತಿ ಬೇಕಾಗುವುದು ಗ್ರಂಥಿ ನಿಜವಾಗಿ ಸೋತವರಿಗೆ, ಶಸ್ತ್ರಚಿಕಿತ್ಸೆಯಲ್ಲಿ ತೆಗೆಸಿಕೊಂಡವರಿಗೆ.

ಪ್ರಶ್ನೆ: ನಮ್ಮ ತಾಯಿಗೆ 76, ಅರಸೀಕೆರೆಯಲ್ಲಿದ್ದಾರೆ. ಹೃದಯಕ್ಕೆ ಸ್ಟೆಂಟ್ ಹಾಕಿದೆ. ಟಿಎಸ್‌ಎಚ್ 6.1, ಫ್ರೀ ಟಿ4 ಸರಿಯಿದೆ. ಮಾತ್ರೆ ಬೇಕೇ?

ಉತ್ತರ: ಈ ಅಂಕಿಗೆ ಬೇಡವೆನ್ನುವುದೇ ನಮ್ಮ ಅಭಿಪ್ರಾಯ. ವಯಸ್ಸಾದಂತೆ ಟಿಎಸ್‌ಎಚ್ ಸಹಜವಾಗಿಯೇ ಸ್ವಲ್ಪ ಏರುತ್ತದೆ. 2017ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ 65 ದಾಟಿದ 737 ಮಂದಿಗೆ ಮಾತ್ರೆ ಅಥವಾ ಹುಸಿಮಾತ್ರೆ ಕೊಟ್ಟು ನೋಡಿದಾಗ, ಒಂದು ವರ್ಷದ ನಂತರ ಸುಸ್ತಿನಲ್ಲಾಗಲಿ ಇತರ ಲಕ್ಷಣಗಳಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಡೋಸು ಹೆಚ್ಚಾದರೆ ಎದೆಬಡಿತ ಲಯ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಮುಂದೆ ನಿಜಕ್ಕೂ ಬೇಕಾದರೆ ಸ್ಟೆಂಟ್ ಇರುವವರಿಗೆ 12.5 ಅಥವಾ 25 ಮೈಕ್ರೋಗ್ರಾಂನಿಂದ ಶುರು ಮಾಡಿ ನಿಧಾನವಾಗಿ ಏರಿಸಬೇಕು, ಅದೂ ಹೃದಯದ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ಒಂದು ವರ್ಷದಿಂದ 75 ಮೈಕ್ರೋಗ್ರಾಂ ನುಂಗುತ್ತಿದ್ದೇನೆ. ಟಿಎಸ್‌ಎಚ್ ಇನ್ನೂ 9ರಲ್ಲೇ ಇದೆ. ಡೋಸು ಏರಿಸಬೇಕೆ? — ಬೇಲೂರು

ಉತ್ತರ: ಏರಿಸುವ ಮೊದಲು ನೀವು ನುಂಗುವ ರೀತಿ ನೋಡಿಕೊಳ್ಳಿ. ನಮ್ಮ ಜಿಲ್ಲೆಗಳಲ್ಲಿ ಮೊದಲ ಅನುಮಾನ ಕಾಫಿಯ ಮೇಲೆ. ಎದ್ದ ಕೂಡಲೇ ಮಾತ್ರೆ, ಹಿಂದೆಯೇ ಒಂದು ಲೋಟ ಫಿಲ್ಟರ್ ಕಾಫಿ ಆದರೆ ಔಷಧಿ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಬರಿಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ. ಕಾಫಿ ಬಿಟ್ಟಿರಲಾಗದವರು ರಾತ್ರಿ ಊಟವಾಗಿ ಮೂರು ಗಂಟೆಯ ನಂತರ ನುಂಗಬಹುದು. ಆದರೆ ಹೊತ್ತು ದಿನವೂ ಒಂದೇ ಇರಲಿ.

ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರ ಬೇಕು. ಗ್ಯಾಸಿಗೆಂದು ದಿನಾ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದರೆ ವೈದ್ಯರಿಗೆ ಹೇಳಿ, ಅದೂ ಹೀರಿಕೆಯನ್ನು ಕಡಿಮೆ ಮಾಡುತ್ತದೆ. ಮಾತ್ರೆ ಬಾಟಲಿ ಒಲೆಯ ಮೇಲಿನ ಕಪಾಟಿನಲ್ಲೋ ಕಿಟಕಿಯಲ್ಲೋ ಇದ್ದರೆ ತೆಗೆಯಿರಿ. ಶಾಖ, ಬೆಳಕು, ಮಳೆಗಾಲದ ತೇವ ಮೂರೂ ಇದರ ಶಕ್ತಿ ಕುಂದಿಸುತ್ತವೆ. ಬೇರೆ ಡಬ್ಬಿಗೆ ಸುರಿದಿಡಬೇಡಿ. ಬ್ರ್ಯಾಂಡ್ ಬದಲಾದರೆ ಆರರಿಂದ ಎಂಟು ವಾರದ ನಂತರ ಟಿಎಸ್‌ಎಚ್ ನೋಡಿಸಿ.

ಇನ್ನೊಂದು ಮುಖ್ಯ ಕಾರಣ, ನಡುನಡುವೆ ಬಿಡುವುದು. ಔಷಧಿಯ ಅರ್ಧ ದೇಹದಿಂದ ಹೋಗಲು ಸುಮಾರು ಏಳು ದಿನ ಬೇಕು, ಹಾಗಾಗಿ ಒಂದು ದಿನ ಮರೆತರೆ ಚಿಂತೆಯಿಲ್ಲ, ವಾರಗಟ್ಟಲೆ ಬಿಟ್ಟರೆ ಚಿಂತೆ. ತಿಂಗಳುಗಟ್ಟಲೆ ಬಿಟ್ಟು ಪರೀಕ್ಷೆಗೆ ನಾಲ್ಕು ದಿನ ಮುಂಚೆ ಸರಿಯಾಗಿ ನುಂಗಿದವರ ವರದಿಯಲ್ಲಿ ಫ್ರೀ ಟಿ4 ಚೆನ್ನಾಗಿದ್ದು ಟಿಎಸ್‌ಎಚ್ ಮಾತ್ರ ಮೇಲಿರುತ್ತದೆ. ಅದನ್ನು ನೋಡಿ ವೈದ್ಯರು ಡೋಸು ಏರಿಸಿದರೆ ಅಪಾಯ ನಿಮಗೇ. ತಪ್ಪಿಸಿದ ದಿನಗಳನ್ನು ಮುಚ್ಚಿಡದೆ ಹೇಳಿ. ಪರೀಕ್ಷೆಯ ದಿನ ರಕ್ತ ಕೊಟ್ಟು ಬಂದ ಮೇಲೆ ಆ ದಿನದ ಮಾತ್ರೆ ನುಂಗಿ.